ಪದಚರ್ಚೆ: ‘ಪ್ರಪೋರ್ಷನೇಟ್’ ಸ್ಕಾಲರ್‌ಶಿಪ್‌ಗೆ ಏನನ್ನೋಣ? ಶುಕ್ರವಾರದೊಳಗೆ ಬೇಕು

ಶಿವಮೊಗ್ಗದಿಂದ:

ಎಲ್ಲರಿಗೂ ನಮಸ್ಕಾರ. ಸರ್ಕಾರದ ಹಣ ಪಡೆಯುವ ಶಾಲೆ-ಕಾಲೇಜುಗಳು ಹೆಣ್ಣು-ಗಂಡೆಂದು ಭೇದ ಮಾಡಬಾರದು ಅನ್ನುವ ಅಮೆರಿಕದ ಟೈಟಲ್ ನೈನ್ ಕಾನೂನಿನ ಬಗ್ಗೆ ಒಂದು ಲೇಖನವನ್ನು ಮಾಸಪತ್ರಿಕೆಗೆ ಅನುವಾದ ಮಾಡುತ್ತಿದ್ದೇನೆ. ಶುಕ್ರವಾರ ಪುಟ ಅಚ್ಚಿಗೆ ಹೋಗುತ್ತೆ.

1972ರ ಆ ಕಾನೂನಿನ ಮೂಲ ವಾಕ್ಯ ಇಂಗ್ಲಿಷಿನಲ್ಲಿ ಬರೀ 37 ಪದ. ಅದರಲ್ಲಿ ಆಟದ ಮಾತೇ ಇಲ್ಲ. ಆಟ ಬಂದದ್ದು 1975ರ ನಿಯಮಗಳಲ್ಲಿ. ಎಷ್ಟು ಹುಡುಗರು, ಎಷ್ಟು ಹುಡುಗಿಯರು ಕಾಲೇಜಿನ ಪರವಾಗಿ ಆಡುತ್ತಾರೋ, ಅದಕ್ಕೆ ‘ಪ್ರಪೋರ್ಷನೇಟ್’ ಆಗಿ ಕ್ರೀಡಾ ಸ್ಕಾಲರ್‌ಶಿಪ್ ಸಿಗಬೇಕು ಅನ್ನುತ್ತೆ ಆ ನಿಯಮ. ಇಲ್ಲಿಗೆ ‘ಸಮಪಾಲು’ ಹಾಕಿ ಅಂತ ಸಂಪಾದಕರು ಹೇಳುತ್ತಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ‘ಜೆಂಡರ್ ಈಕ್ವಿಟಿ’ಗೆ ‘ಲಿಂಗ ಸಮಾನತೆ’ ಸಾಕಾ? ‘ಅಥ್ಲೆಟಿಕ್ ಸ್ಕಾಲರ್‌ಶಿಪ್’ಗೆ ‘ಕ್ರೀಡಾ ವಿದ್ಯಾರ್ಥಿವೇತನ’ ನಡೆಯುತ್ತಾ? ದಯವಿಟ್ಟು ಬೇಗ ತಿಳಿಸಿ.

ಧಾರವಾಡದಿಂದ:

‘ಸಮಪಾಲು’ ಬೇಡ. ತಪ್ಪು.

ಸಮಪಾಲು ಅಂದರೆ ಅರ್ಧ ಅರ್ಧ. ಆ ನಿಯಮ ಅರ್ಧ ಅರ್ಧ ಕೇಳುವುದಿಲ್ಲ. ಕಾಲೇಜಿನ ಆಟಗಾರರಲ್ಲಿ ಹುಡುಗಿಯರು ನೂರಕ್ಕೆ 45 ಇದ್ದರೆ, ಸ್ಕಾಲರ್‌ಶಿಪ್ ಹಣದಲ್ಲೂ ಹೆಚ್ಚುಕಡಿಮೆ 45 ಪಾಲು ಅವರದಾಗಬೇಕು. 1998ರಲ್ಲಿ ಅಮೆರಿಕದ ಶಿಕ್ಷಣ ಇಲಾಖೆ ಅಳತೆಯನ್ನೂ ಬಿಡಿಸಿ ಹೇಳಿತು. ಎರಡು ಶೇಕಡಾವಾರುಗಳ ನಡುವೆ 1ಕ್ಕಿಂತ ಜಾಸ್ತಿ ಅಂತರ ಬಂದರೆ ಕಾಲೇಜು ಸರಿಯಾದ ಕಾರಣ ಕೊಡಬೇಕು. ಲೆಕ್ಕ ಹಣದ್ದು, ಎಷ್ಟು ಜನಕ್ಕೆ ಕೊಟ್ಟರು ಅನ್ನೋದಲ್ಲ. ಅದಕ್ಕೆ ‘ಸಂಖ್ಯೆಗೆ ತಕ್ಕ ಪಾಲು’ ಅನ್ನಿ. ‘ಅನುಪಾತಾನುಸಾರ’ ಅಂತ ಮಾತ್ರ ಬರೆಯಬೇಡಿ. ಓದುವವರು ಅಲ್ಲೇ ಪುಟ ತಿರುವುತ್ತಾರೆ.

ಮತ್ತೆ ಯಾರಾದರೂ ‘ಶೀರ್ಷಿಕೆ 9’ ಅಂತ ಹೇಳಿಕೊಟ್ಟರೆ ಕೇಳಬೇಡಿ. ಶೀರ್ಷಿಕೆ ಅಂದರೆ ತಲೆಬರಹ. ಅಲ್ಲಿ ಟೈಟಲ್ ಅಂದರೆ ಕಾಯ್ದೆಯ ಒಂದು ಭಾಗ. ಅದು ಈಗ ಹೆಸರೇ ಆಗಿ ನಿಂತಿದೆ. ಟೈಟಲ್ ನೈನ್ ಅಂತಲೇ ಬಿಡಿ.

ಮೈಸೂರಿನಿಂದ:

‘ಪಾಲು’ ಎಂಬ ಪದ ಚರ್ಚೆಗೆ ಬಂದದ್ದು ಸಂತೋಷ. ಇದರ ಬೇರನ್ನು ಯಾರೂ ನೋಡುತ್ತಿಲ್ಲ. ತಮಿಳಿನ ವ್ಯಾಕರಣದಲ್ಲಿ ‘ಆಣ್‌ಪಾಲ್’, ‘ಪೆಣ್‌ಪಾಲ್’ ಎನ್ನುತ್ತಾರೆ. ಅಲ್ಲಿ ಪಾಲ್ ಎಂದರೆ ಹಂಚಿಕೆಯೂ ಹೌದು, ಗಂಡು-ಹೆಣ್ಣೆಂಬ ವಿಂಗಡಣೆಯೂ ಹೌದು. ನಮ್ಮ ವ್ಯಾಕರಣಕಾರರು ಸಂಸ್ಕೃತದ ‘ಲಿಂಗ’ವನ್ನು ಎರವಲು ತಂದರು, ನಮ್ಮದೇ ಪದ ಬರೀ ಹಂಚಿಕೆಗೆ ಉಳಿಯಿತು. ಹಳಗನ್ನಡದಲ್ಲಿ ಕುಡಿಯುವ ‘ಪಾಲ್’ ಹಾಲಾಯಿತು, ಭಾಗ ಎಂಬ ಅರ್ಥದ ‘ಪಾಲು’ ಮಾತ್ರ ಪಕಾರ ಬಿಡಲಿಲ್ಲ. ಇದನ್ನೂ ಯೋಚಿಸಬೇಕು. ‘ಜೆಂಡರ್ ಈಕ್ವಿಟಿ’ಗೆ ‘ಪಾಲ್ಸರಿಮೆ’ ಎಂದು ಕಟ್ಟಬಹುದು. ಒಂದೇ ಪದದಲ್ಲಿ ಹಂಚಿಕೆ, ಗಂಡು-ಹೆಣ್ಣು ಎರಡೂ ಬರುತ್ತವೆ.

ಬೆಂಗಳೂರಿನಿಂದ:

ಮೇಷ್ಟ್ರೇ, ‘ಪಾಲ್ಸರಿಮೆ’ ಯಾರಿಗೆ ಅರ್ಥವಾಗುತ್ತೆ? ಪೇಪರಿನಲ್ಲಾದರೆ ನಾವು ‘ಹುಡುಗಿಯರಿಗೆ ಕ್ರೀಡಾ ಮೀಸಲು’ ಅಂತ ಹಾಕುತ್ತೇವೆ. ಓದಿದವರಿಗೆ ತಕ್ಷಣ ಅರ್ಥವಾಗುತ್ತೆ.

ಧಾರವಾಡದಿಂದ:

ಅರ್ಥವಾಗುತ್ತೆ, ಆದರೆ ತಪ್ಪು ಅರ್ಥ. ಮೀಸಲು ಅಂದರೆ ಮೊದಲೇ ತೆಗೆದಿಟ್ಟದ್ದು. ಕೋಟಾ ಮಾಡಲೇಬೇಕು ಅಂತ ಆ ಕಾನೂನು ಎಲ್ಲೂ ಹೇಳುವುದಿಲ್ಲ. ಕಡಿಮೆ ಇದ್ದಾರೆ ಅನ್ನೋ ಒಂದೇ ಕಾರಣಕ್ಕೆ ವಿಶೇಷ ಆದ್ಯತೆ ಕೊಡಲೇಬೇಕಿಲ್ಲ ಅಂತ ಅದರಲ್ಲೇ ಬರೆದಿದೆ. ನಮ್ಮಲ್ಲಿ ‘ಮೀಸಲು’ ಅಂದ ಕೂಡಲೇ ಬೇರೆಯದೇ ಜಗಳ ಎದ್ದು ನಿಲ್ಲುತ್ತೆ. ಹುಡುಗಿಯರಿಗೆ ಸಿಗಬೇಕಾದ ಹಣದ ಮಾತು ಅದರಲ್ಲಿ ಮುಳುಗಿಹೋಗುತ್ತೆ.

ನ್ಯೂಜೆರ್ಸಿಯಿಂದ:

ನಾನು ಭಾಷಾಶಾಸ್ತ್ರ ಓದಿದವಳಲ್ಲ. ನನ್ನ ಮಗಳು ಇಲ್ಲಿಯ ಕಾಲೇಜೊಂದರ ಈಜು ತಂಡದಲ್ಲಿದ್ದಳು. ಅವಳಿಗೆ ಬಂದ ಪತ್ರದಲ್ಲಿ ‘ಗ್ರ್ಯಾಂಟ್ ಇನ್ ಏಡ್’ ಅಂತಿತ್ತು. ಕೆಳಗೆ ಟ್ಯೂಷನ್, ರೂಮು, ಊಟ, ಪುಸ್ತಕ ಅಂತ ಸಾಲಾಗಿ ಬರೆದು, ಇಷ್ಟು ಭಾಗ ನಾವು ಕೊಡುತ್ತೇವೆ, ಉಳಿದದ್ದು ನಿಮ್ಮದು ಅಂತಿತ್ತು. ಈಜಿನಲ್ಲಿ ಆಗ ಹುಡುಗಿಯರ ತಂಡಕ್ಕೆ 14 ಸ್ಕಾಲರ್‌ಶಿಪ್‌ಗಳ ಮಿತಿ. ಅದನ್ನು ಒಡೆದು ಜಾಸ್ತಿ ಜನಕ್ಕೆ ಹಂಚುತ್ತಿದ್ದರು. ಬೇಸ್‌ಬಾಲ್ ಹುಡುಗರಿಗೆ 11.7. ಆ .7 ನೋಡಿ, ಅರೆಬರೆ ಸ್ಕಾಲರ್‌ಶಿಪ್ ಹೇಗಿರುತ್ತೆ ಅಂತ ಓದುಗರು ಕೇಳೇ ಕೇಳುತ್ತಾರೆ. ಅದನ್ನು ಬಿಡಿಸಿ ಬರೆಯಿರಿ. ಇನ್ನು ಕೆಲವು ಆಟಗಳಲ್ಲಿ ಒಡೆಯೋ ಹಾಗಿರಲಿಲ್ಲ, ತಲೆಗೆ ಒಂದು ಪೂರ್ತಿ. ದೊಡ್ಡ ಕಾಲೇಜುಗಳ ಅಮೆರಿಕನ್ ಫುಟ್‌ಬಾಲಿಗೆ 85 ಪೂರ್ತಿ ಸ್ಕಾಲರ್‌ಶಿಪ್ ಇದ್ದವು. ಹುಡುಗಿಯರಲ್ಲಿ ಅಷ್ಟು ಸ್ಕಾಲರ್‌ಶಿಪ್ ಇದ್ದ ಆಟ ಯಾವುದೂ ಇರಲಿಲ್ಲ. ಲೆಕ್ಕ ಸರಿಹೋಗಲಿ ಅಂತಲೇ ವಾಲಿಬಾಲಿನಲ್ಲಿ ಹುಡುಗಿಯರಿಗೆ 12, ಹುಡುಗರಿಗೆ 4.5 ಇಟ್ಟಿದ್ದರು. ‘ಹುಡುಗಿಯರಿಗೇ ಜಾಸ್ತಿ ಕೊಟ್ಟರು’ ಅನ್ನೋರು ಆ 85ನ್ನು ನೋಡೋದೇ ಇಲ್ಲ. ನನಗೆ ಸಿಟ್ಟು ಬರೋದು ಅಲ್ಲೇ.

‘ವಿದ್ಯಾರ್ಥಿವೇತನ’ ಹಾಕಬೇಡಿ. ‘ವೇತನ’ ಅಂದರೆ ಸಂಬಳ. ಇದು ಸಂಬಳವಲ್ಲ ಅಂತ ಕಾಲೇಜುಗಳು ದಶಕಗಟ್ಟಲೆ ವಾದ ಮಾಡಿಕೊಂಡು ಬಂದಿವೆ. ಆಟಗಾರರು ಹಾಕಿದ್ದ ಕೇಸಿನಲ್ಲಿ 2025ರ ಜೂನ್‌ನಲ್ಲಿ ಕೋರ್ಟು ಒಪ್ಪಿದ ರಾಜಿಯ ಮೇಲೆ ಈಗ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಆ ಹಣಕ್ಕೂ ‘ತಕ್ಕ ಪಾಲು’ ಬೇಕು ಅಂತ ಶಿಕ್ಷಣ ಇಲಾಖೆ 2025ರ ಜನವರಿಯಲ್ಲಿ ಹೇಳಿತು, ಫೆಬ್ರವರಿಯಲ್ಲಿ ಆ ಮಾತನ್ನು ವಾಪಸ್ ತೆಗೆದುಕೊಂಡಿತು. ಸಂಬಳವೋ, ನೆರವೋ ಅನ್ನೋದೇ ಜಗಳ. ನೀವು ಎರಡಕ್ಕೂ ‘ವೇತನ’ ಅಂದರೆ ಲೇಖನವೇ ಅರ್ಥವಾಗುವುದಿಲ್ಲ.

ಮೈಸೂರಿನಿಂದ:

‘ಸ್ಕಾಲರ್‌ಶಿಪ್’ ಎಂದೇ ಉಳಿಸಿದರೆ ನಾಳೆ ಕನ್ನಡದಲ್ಲಿ ಕ್ರಿಯಾಪದ ಮಾತ್ರ ಉಳಿಯುತ್ತದೆ. ‘ಆಟದ ನೆರವು’ ಎನ್ನಲು ಏನು ಅಡ್ಡಿ?

ಬೆಂಗಳೂರಿನಿಂದ:

ಹಳ್ಳಿ ಹೈಸ್ಕೂಲಿನ ಮಕ್ಕಳೂ ‘ಸ್ಕಾಲರ್‌ಶಿಪ್ ಬಂತಾ’ ಅಂತಲೇ ಕೇಳುತ್ತಾರೆ. ‘ವಿದ್ಯಾರ್ಥಿವೇತನ’ ಇರೋದು ಅರ್ಜಿ ಫಾರಂ ಮೇಲೆ. ಸಂಸ್ಕೃತದಿಂದ ತಂದರೆ ಆಸ್ತಿ, ಇಂಗ್ಲಿಷಿನಿಂದ ತಂದರೆ ಸಾಲ ಅನ್ನೋ ಲೆಕ್ಕ ನನಗೆ ಒಪ್ಪಿಗೆಯಿಲ್ಲ.

ಮೈಸೂರಿನಿಂದ:

ನಾನು ಸಂಸ್ಕೃತದ ಪರ ಮಾತಾಡಲೇ ಇಲ್ಲ. ನೆರವು, ಪಾಲು ಕನ್ನಡದವು. ಓದಿ ಉತ್ತರಿಸಿ.

ಧಾರವಾಡದಿಂದ:

ಇಬ್ಬರೂ ಸಾಕು ಮಾಡ್ರಿ, ಶುಕ್ರವಾರ ಹತ್ತಿರ ಬಂತು. ‘ಈಕ್ವಿಟಿ’ ಹಾಗೇ ಉಳಿದಿದೆ. ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ಇದಕ್ಕೊಂದು ಸಮಿತಿ ಮಾಡಿತ್ತು. 1993ರಲ್ಲಿ ಅದು ಕೊಟ್ಟ ವಿವರಣೆ ಇದು. ಹುಡುಗರಿಗೆ ಹುಡುಗಿಯರ ಇಡೀ ವ್ಯವಸ್ಥೆಯನ್ನು ಕೊಟ್ಟರೂ, ಹುಡುಗಿಯರಿಗೆ ಹುಡುಗರದ್ದನ್ನು ಕೊಟ್ಟರೂ, ಖುಷಿಯಿಂದ ತಮ್ಮದು ಅಂತ ಒಪ್ಪುವ ಹಾಗಿರಬೇಕು. ಇಲ್ಲಿ ಎಣಿಕೆ ಒಂದೇ ಆಗಿರಬೇಕು ಅನ್ನೋದಿಲ್ಲ, ಯಾರಿಗೂ ಅನ್ಯಾಯ ಆಗಬಾರದು ಅನ್ನೋದಿದೆ. ಹಾಗಾಗಿ ‘ಲಿಂಗ ನ್ಯಾಯ’. ‘ಸಮಾನತೆ’ಯನ್ನು ‘ಈಕ್ವಾಲಿಟಿ’ಗೆ ಬಿಡಿ, ಲೇಖನದಲ್ಲಿ ಎರಡೂ ಬರುತ್ತವಲ್ಲ.

ಶಿವಮೊಗ್ಗದಿಂದ:

ಎಲ್ಲರಿಗೂ ಧನ್ಯವಾದ. ವಾಕ್ಯ ಹೀಗಿದೆ: ‘ಕಾಲೇಜಿನ ಪರವಾಗಿ ಆಡುವ ಹುಡುಗರ, ಹುಡುಗಿಯರ ಸಂಖ್ಯೆಗೆ ತಕ್ಕಷ್ಟು ಪಾಲು ಸ್ಕಾಲರ್‌ಶಿಪ್ ಹಣ ಆಯಾ ಗುಂಪಿಗೆ ಸಿಗಬೇಕು.’ ‘ಲಿಂಗ ನ್ಯಾಯ’ವನ್ನೂ ತೆಗೆದುಕೊಂಡಿದ್ದೇನೆ. ಮೇಷ್ಟ್ರೇ, ‘ನೆರವು’ ಕೂಡ ಇದೆ, ‘ಗ್ರ್ಯಾಂಟ್ ಇನ್ ಏಡ್’ ಬರುವ ಕಡೆ ‘ಕಲಿಕೆ ನೆರವು’ ಅಂತ. ಉಳಿದದ್ದು ‘ರೋಸ್ಟರ್ ಲಿಮಿಟ್’. ‘ತಂಡದ ಮಿತಿ’ ಅನ್ನಲಾ?

ನ್ಯೂಜೆರ್ಸಿಯಿಂದ:

ಬೇಡ. ಎಷ್ಟು ತಂಡ ಅಂತ ಓದಿಕೊಳ್ಳುತ್ತಾರೆ. ಆ ರಾಜಿಯಿಂದ ಬಂದ ಹೊಸ ಪದ್ಧತಿಯಲ್ಲಿ ಸ್ಕಾಲರ್‌ಶಿಪ್‌ಗೆ ಮಿತಿಯಿಲ್ಲ, ತಂಡದಲ್ಲಿ ಎಷ್ಟು ಜನ ಅನ್ನೋದಕ್ಕೆ ಮಿತಿ. ಬೇಸ್‌ಬಾಲಿಗೆ 34, ಫುಟ್‌ಬಾಲಿಗೆ 105. ಅಷ್ಟೂ ಜನಕ್ಕೆ ಪೂರ್ತಿ ಕೊಡಬಹುದು, ಕೊಡದೆಯೂ ಇರಬಹುದು. ‘ಆಟಗಾರರ ಮಿತಿ’ ಅನ್ನಿ. ಮೊದಲ ಸಲ ಬರುವ ಕಡೆ ‘ಒಂದು ತಂಡದಲ್ಲಿ ಇರಬಹುದಾದ’ ಅಂತ ಸೇರಿಸಿ.