ಬೀಮ್‌ನಲ್ಲಿ ಪೈಪ್‌ಗೆ ತೂತು: ಪಿಲ್ಲರ್ ಪಕ್ಕ ಕೊರೆಸಬಹುದಾ?

ಪ್ರಶ್ನೆ (ವಿದ್ಯಾನಗರ, ದಾವಣಗೆರೆ):
ಕೆಳಗಿನ ಮನೆ ಮುಗಿದಿದೆ, ಮೇಲೆ ಬಾಡಿಗೆಗೆ ಒಂದು ಮನೆ ಕಟ್ಟಿಸುತ್ತಿದ್ದೇವೆ. ಟಾಯ್ಲೆಟ್‌ನ 4 ಇಂಚು ಪೈಪ್ ಒಂದು ಬೀಮ್ ದಾಟಿ ಹೋಗಬೇಕು. ಬೀಮ್ 9 ಇಂಚು ಅಗಲ, 18 ಇಂಚು ಆಳ. ಪಿಲ್ಲರ್‌ನಿಂದ ಅರ್ಧ ಅಡಿ ಬಿಟ್ಟು ಕೋರ್ ಕಟಿಂಗ್ (ಮಷಿನ್‌ನಿಂದ ದುಂಡಗೆ ಕೊರೆಯುವುದು) ಮಾಡಿಸಿ, ಏನೂ ಆಗಲ್ಲ ಅಂತಾನೆ ಪ್ಲಂಬರ್. ಗೊತ್ತಿದ್ದವರು ಹೇಳಿ.

ಸ್ಟ್ರಕ್ಚರಲ್ ಇಂಜಿನಿಯರ್, ದಾವಣಗೆರೆ:
ಸರ್, ಅಲ್ಲಿ ಮಾತ್ರ ಬೇಡ. ಬೀಮ್ ಹೊತ್ತ ಭಾರ ಪಿಲ್ಲರ್‌ಗೆ ಇಳಿಯುವ ಜಾಗ ಅದು, ಶಿಯರ್ (ಬೀಮನ್ನು ಕತ್ತರಿಸುವಂಥ ಬಲ) ಅಲ್ಲೇ ಜಾಸ್ತಿ. ಅದಕ್ಕೇ ಪಿಲ್ಲರ್‌ನಿಂದ ಬೀಮ್ ಆಳದ ಎರಡರಷ್ಟು, ಅಂದರೆ ನಿಮ್ಮಲ್ಲಿ 3 ಅಡಿವರೆಗೆ, ರಿಂಗ್ (ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ಕಂಬಿ ಚೌಕಟ್ಟು) ಒತ್ತೊತ್ತಾಗಿ ಕಟ್ಟುತ್ತಾರೆ. 4 ಇಂಚಿಗೊಂದು ರಿಂಗ್ ಇದ್ದು 5 ಇಂಚು ತೂತು ಕೊರೆದರೆ ಒಂದಾದರೂ ರಿಂಗ್ ತುಂಡಾಗಲೇಬೇಕು. ಆಮೇಲೆ ಸುತ್ತ ಸಿಮೆಂಟ್ ಮೆತ್ತಿದರೆ ತೂತು ಮುಚ್ಚುತ್ತದೆ, ಕಡಿದ ರಿಂಗ್ ಕೂಡುವುದಿಲ್ಲ.

ಬೀಮ್ ಉದ್ದದ ನಡುಭಾಗದ ಕಥೆ ಬೇರೆ. ಅಲ್ಲಿ ಶಿಯರ್ ಕಡಿಮೆ, ಬಾಗುವಿಕೆ ಜಾಸ್ತಿ. ಒತ್ತಡ ತಡೆಯುವುದು ಮೇಲಿನ ಕಾಂಕ್ರೀಟ್, ಎಳೆತ ತಡೆಯುವುದು ಕೆಳಗಿನ ಕಂಬಿ. ಇವೆರಡನ್ನೂ ಮುಟ್ಟದೆ ಆಳದ ಮಧ್ಯದಲ್ಲಿ ಸಣ್ಣ ದುಂಡನೆ ತೂತು ಬಿದ್ದರೆ ಬೀಮ್‌ಗೆ ಅಷ್ಟೇನೂ ಪೆಟ್ಟಿಲ್ಲ. ಚೌಕ ತೂತು ಬೇಡ, ಮೂಲೆಯಿಂದಲೇ ಬಿರುಕು ಶುರುವಾಗುತ್ತದೆ.

ಎಷ್ಟು ಸಣ್ಣದು ಅಂದರೆ, ಆಳದ ಕಾಲು ಭಾಗ ದಾಟಿದರೆ ಅದನ್ನು ದೊಡ್ಡ ತೂತು ಅಂತ ಲೆಕ್ಕ ಹಿಡಿಯುವ ರೂಢಿ ಇದೆ. ನಿಮ್ಮದು 450 ಮಿಮೀ, ಕಾಲು ಭಾಗ 112. ಪೈಪ್‌ನ ಹೊರ ಅಳತೆಯೇ 110. ಸಲೀಸಾಗಿ ತೂರಲು 125ರ ತೂತಾದರೂ ಬೇಕು. ಅಂದರೆ ನಡುವೆ ಕೊರೆದರೂ ನೀವು ಗಡಿ ದಾಟಿದಿರಿ. ಡಿಸೈನ್ ಮಾಡಿದವರು ಡ್ರಾಯಿಂಗ್ ನೋಡಿ ಹೂಂ ಅನ್ನದೆ ಮಷಿನ್ ಕರೆಸಬೇಡಿ. ಯುಬಿಡಿಟಿ, ಬಿಐಇಟಿ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಸಿವಿಲ್ ಓದಿದವರು ಊರ ತುಂಬ ಇದ್ದಾರೆ, ಇದನ್ನು ಪ್ಲಂಬರ್ ಹತ್ತಿರ ತೀರ್ಮಾನ ಮಾಡಿಸೋದು ಯಾಕೆ ಅಲ್ವಾ?

ಮನೆ ಮಾಲೀಕರು, ಚಿತ್ರದುರ್ಗ:
ನಮ್ಮ ಬೀದಿಯ ಒಂದು ಕಟ್ಟಡದಲ್ಲಿ ಹೀಗೇ ಪಿಲ್ಲರ್ ಪಕ್ಕ ಬ್ರೇಕರ್ ಹಿಡಿದು ಒಡೆದರು. ಮೇಲೆ ಗೋಡೆ ಎದ್ದ ಮೇಲೆ ತೂತಿನ ಎರಡು ಮೂಲೆಯಿಂದ ಓರೆ ಬಿರುಕು ಬಂತು. ಒಂದು ಕೆಳಗೆ ಪಿಲ್ಲರ್ ಕಡೆ, ಇನ್ನೊಂದು ಮೇಲೆ ಸ್ಲ್ಯಾಬ್ ಕಡೆ. ಕೊನೆಗೆ ಜ್ಯಾಕ್ ಕೊಟ್ಟು ಎರಡೂ ಬದಿ ಕಬ್ಬಿಣದ ಪ್ಲೇಟ್ ಕೂರಿಸಿದರು. ನಾವು ಅದನ್ನು ನೋಡಿ ಪೈಪನ್ನು ಬೀಮ್ ಕೆಳಗಡೆಯಿಂದಲೇ ತಂದೆವು. ಬಾತ್‌ರೂಮ್‌ಗೆ ಫಾಲ್ಸ್ ಸೀಲಿಂಗ್ ಹಾಕಿದ್ದೇವೆ, ಪೈಪ್ ಕಾಣುವುದೇ ಇಲ್ಲ. ಸ್ವಲ್ಪ ಎತ್ತರ ಹೋಯಿತು ಅಷ್ಟೇ.

ಬಾರ್ ಬೆಂಡಿಂಗ್ ಮೇಸ್ತ್ರಿ, ಹರಿಹರ:
ಅಣ್ಣಾ, ಹಳೇ ಬೀಮ್ ಬಿಡಿ. ಮೇಲಿನ ಮನೆ ಬೀಮ್ ಇನ್ನೂ ಹಾಕಬೇಕಲ್ಲ, ಅದಕ್ಕೆ ಈಗಲೇ ಹೇಳಿಬಿಡಿ. ಪೈಪ್ ದಾಟುವ ಕಡೆ ಸೆಂಟ್ರಿಂಗ್‌ನಲ್ಲೇ (ಕಾಂಕ್ರೀಟ್ ಸುರಿಯುವ ಅಚ್ಚಿನಲ್ಲೇ) ಸ್ಲೀವ್, ಅಂದರೆ ಪೈಪ್ ತೂರಲು ದಾರಿ ಬಿಡುವ ಕೊಳವೆ, ಇಡಿಸಿ. ಸ್ಲೀವ್‌ನ ಆಚೆ ಈಚೆ ಪೂರಾ ಆಳದ ರಿಂಗ್ ಹೆಚ್ಚಿಗೆ ಬೇಕು. ಮೇಲೂ ಕೆಳಗೂ ಗಿಡ್ಡ ರಿಂಗ್, ಸುತ್ತ ಓರೆ ಕಂಬಿ. ಎಷ್ಟು, ಯಾವ ಸೈಜು ಅಂತ ಇಂಜಿನಿಯರ್ ಬರೆದುಕೊಟ್ಟರೆ ನಾವು ಕಟ್ಟುತ್ತೇವೆ. ಸ್ಲೀವ್ ಕೆಳಗಿನ ಕಂಬಿ ಮೇಲೆ ಕೂರಬಾರದು. ಎರಡೂ ಬಾಯಿಗೆ ಗೋಣಿಚೀಲ ತುರುಕಿ ಬಿಗಿಯಾಗಿ ಕಟ್ಟಿಸಿ, ಇಲ್ಲದಿದ್ದರೆ ವೈಬ್ರೇಟರ್ ಬಿಟ್ಟಾಗ ಸಿಮೆಂಟ್ ಹಾಲು ಒಳಗೆ ನುಗ್ಗಿ ಗಟ್ಟಿಯಾಗುತ್ತದೆ. ಆಮೇಲೆ ಅದನ್ನು ಒಡೆಯೋಕೆ ಮತ್ತೆ ಅದೇ ಬ್ರೇಕರ್ ತರಬೇಕು.