ಮರುಮುದ್ರಿತ ಎಸ್‌ಎಸಿಡಿಗಳಲ್ಲಿ ಸರೌಂಡ್ ಮಿಕ್ಸ್ ಅನ್ನು ಏಕೆ ಕೈಬಿಡುತ್ತಾರೆ?

ಜಯನಗರದ ಕೇಳುಗ:

ಎಲ್ಲರಿಗೂ ನಮಸ್ಕಾರ. ಬಹಳ ದಿನಗಳಿಂದ ಮನಸ್ಸನ್ನು ಕೊರೆಯುತ್ತಿರುವ ಪ್ರಶ್ನೆಯೊಂದನ್ನು ತಮ್ಮ ಮುಂದಿಡುತ್ತಿದ್ದೇನೆ. ಡೈರ್ ಸ್ಟ್ರೇಟ್ಸ್ ತಂಡದ ‘ಬ್ರದರ್ಸ್ ಇನ್ ಆರ್ಮ್ಸ್’ 1985ರಲ್ಲಿ ಬಂದ ಆಲ್ಬಂ. ಅದಕ್ಕೆ ಇಪ್ಪತ್ತು ವರ್ಷ ತುಂಬಿದಾಗ, ಅಂದರೆ 2005ರಲ್ಲಿ, ಚಕ್ ಏನ್ಲೆ ಅವರು ಮಾಡಿದ 5.1 ಸರೌಂಡ್ ಮಿಕ್ಸ್ (ಸುತ್ತಲೂ ಇಟ್ಟ ಐದು ಸ್ಪೀಕರ್, ಒಂದು ಸಬ್‌ವೂಫರಿಗೆ ಸದ್ದನ್ನು ಹಂಚಿದ ರೂಪ) ಎಸ್‌ಎಸಿಡಿಯಲ್ಲಿ, ಅಂದರೆ ಸಿಡಿಗಿಂತ ಮೇಲ್ದರ್ಜೆಯ ಡಿಸ್ಕಿನಲ್ಲಿ, ಹೊರಬಂತು. ಮರುವರ್ಷ ಅದಕ್ಕೆ ಅತ್ಯುತ್ತಮ ಸರೌಂಡ್ ಆಲ್ಬಂ ಎಂದು ಗ್ರ್ಯಾಮಿ ಪ್ರಶಸ್ತಿಯೂ ಸಂದಿತು. ಆ ಡಿಸ್ಕ್ ಅಂಗಡಿಗಳಿಂದ ಮರೆಯಾಗಿ ಎಷ್ಟೋ ಕಾಲವಾಯಿತು. ಹಾಗಾಗಿ ಆಡಿಯೊಫೈಲ್ (ಧ್ವನಿಯ ಗುಣಮಟ್ಟಕ್ಕೆ ಹೆಚ್ಚು ಮಹತ್ವ ಕೊಡುವ) ಕೇಳುಗರಿಗೆಂದೇ ಮಾಡಿದ ಮರುಮುದ್ರಣವನ್ನು ಹೊರದೇಶದಿಂದ ತರಿಸಿ, ಸುಂಕವನ್ನೂ ಕಟ್ಟಿ, ಒಂದು ಭಾನುವಾರ ಬೆಳಿಗ್ಗೆ ಮನೆಯವರೆಲ್ಲ ಏಳುವ ಮೊದಲೇ ಪ್ಲೇಯರಿಗೆ ಹಾಕಿ ಕುಳಿತೆ. ಮುಂದಿನ ಎರಡು ಸ್ಪೀಕರ್‌ಗಳು ಮಾತ್ರ ನುಡಿದವು. ಹಿಂದಿನ ಸ್ಪೀಕರಿಗೆ ಕಿವಿಯಿಟ್ಟು ನೋಡಿದೆ, ಸದ್ದೇ ಇಲ್ಲ. ರಿಮೋಟಿನಲ್ಲಿ ಮಲ್ಟಿಚಾನೆಲ್ ಆಯ್ಕೆಯನ್ನು ಎಷ್ಟು ಸಲ ಒತ್ತಿದರೂ ಪ್ಲೇಯರಿನ ಪುಟ್ಟ ಪರದೆ ಎರಡು ಚಾನೆಲ್ ಎಂದೇ ತೋರಿಸಿತು. ಕೊನೆಗೆ ಕವರಿನ ಬೆನ್ನನ್ನು ಬೆಳಕಿಗೆ ಹಿಡಿದು ಓದಿದಾಗ, ಸಾಸಿವೆಗಾತ್ರದ ಅಕ್ಷರಗಳಲ್ಲಿ ‘ಸ್ಟೀರಿಯೊ’ ಎಂದಿರುವುದು ಕಂಡಿತು.

ಇದೊಂದೇ ಆಲ್ಬಂ ಆಗಿದ್ದರೆ ಸುಮ್ಮನಿರುತ್ತಿದ್ದೆ. ಸ್ಟೀಲಿ ಡ್ಯಾನ್ ತಂಡದ ‘ಗೌಚೊ’ ಆಲ್ಬಮ್ಮಿಗೆ ಎಲಿಯಟ್ ಶೈನರ್ ಅವರು ಮಾಡಿದ 5.1 ಮಿಕ್ಸ್ 2003ರಲ್ಲೇ ಬಂದಿದೆ. ಈಚಿನ ಎಸ್‌ಎಸಿಡಿ ಮಾತ್ರ ಬರೀ ಸ್ಟೀರಿಯೊ. ಅದೇ ತಂಡದ ‘ಏಜಾ’ಕ್ಕೆ ಸರೌಂಡ್ ಇಲ್ಲವೆಂದು ನಾನು ಎಂದೂ ದೂರಿಲ್ಲ, ಏಕೆಂದರೆ ಅದರ ಎರಡು ಹಾಡುಗಳ ಮಲ್ಟಿಟ್ರ್ಯಾಕ್ ಟೇಪುಗಳೇ (ವಾದ್ಯ, ದನಿಗಳನ್ನು ಬೇರೆ ಬೇರೆಯಾಗಿ ಮುದ್ರಿಸಿದವು) ಕಳೆದುಹೋಗಿವೆ. ಇಲ್ಲದ್ದನ್ನು ಯಾರೂ ಕೊಡಲಾರರು. ಆದರೆ ಇರುವ ಮಿಕ್ಸನ್ನು, ಪ್ರಶಸ್ತಿ ಪಡೆದ ಮಿಕ್ಸನ್ನು, ಅದಕ್ಕಾಗಿಯೇ ಜಾಗವಿರುವ ಡಿಸ್ಕಿನಿಂದ ಹೊರಗಿಡುವುದೇಕೆ? ಜಾಗ ಸಾಲದೆಯೋ, ಹಕ್ಕಿನ ತೊಡಕೋ, ತಿಳಿದವರು ದಯವಿಟ್ಟು ವಿವರಿಸಬೇಕು.

ಟೇಪುಸುರುಳಿ:

ಕೇಳುಗರೇ, ಜಾಗದ ಕೊರತೆ ಎಂಬ ಮಾತನ್ನು ಮೊದಲು ಬದಿಗಿಡೋಣ. ಎಸ್‌ಎಸಿಡಿಯ ಮೇಲ್ದರ್ಜೆಯ ಪದರದಲ್ಲಿ 4.7 ಗಿಗಾಬೈಟ್ ಹಿಡಿಯುತ್ತದೆ. ಒಂದು ಚಾನೆಲ್ಲಿಗೆ ಸೆಕೆಂಡಿಗೆ 28,22,400 ಬಿಟ್ ಬೇಕು. ಆ ಲೆಕ್ಕದಲ್ಲಿ 45 ನಿಮಿಷದ ಆಲ್ಬಮ್ಮಿನ ಸ್ಟೀರಿಯೊಗೆ ಸುಮಾರು 1.9 ಗಿಗಾಬೈಟ್, 5.1ರ ಆರು ಚಾನೆಲ್‌ಗಳಿಗೆ ಸುಮಾರು 5.7, ಒಟ್ಟು 7.6 ಆಗುತ್ತದೆ. ಇಷ್ಟನ್ನು ಹಾಗೆಯೇ ತುಂಬಲಾಗದು ಎಂಬುದು ನಿಜ. ಆದರೆ 1999ರಲ್ಲಿ ಈ ಮಾದರಿಯನ್ನು ಹೊರತಂದ ಸೋನಿ ಮತ್ತು ಫಿಲಿಪ್ಸ್, ಒಂದು ಬಿಟ್ಟೂ ನಷ್ಟವಾಗದಂತೆ ದತ್ತಾಂಶವನ್ನು ಸರಿಸುಮಾರು ಅರ್ಧಕ್ಕೆ ಇಳಿಸುವ ಡಿಎಸ್‌ಟಿ ಎಂಬ ವಿಧಾನವನ್ನು ಇದಕ್ಕಾಗಿಯೇ ಒದಗಿಸಿದವು. ನೀವು ಹೇಳಿದ 2005ರ ಡಿಸ್ಕಿನಲ್ಲಿ 55 ನಿಮಿಷದ ಆಲ್ಬಂ ಸ್ಟೀರಿಯೊ, 5.1 ಎರಡೂ ರೂಪಗಳಲ್ಲಿ ಕುಳಿತದ್ದು ಹೀಗೆಯೇ.

ನಿಜವಾದ ತೊಡಕು ಒಪ್ಪಂದದಲ್ಲಿರುತ್ತದೆ. ಮರುಮುದ್ರಣ ಮಾಡುವವರು ಆಲ್ಬಮ್ಮಿನ ಮಾಲೀಕರಲ್ಲ; ಮೂಲ ಕಂಪನಿಯಿಂದ ನಿರ್ದಿಷ್ಟವಾದ ಒಂದು ಮಾಸ್ಟರನ್ನು (ಮುದ್ರಣಕ್ಕೆ ಆಧಾರವಾಗುವ ಅಂತಿಮ ಧ್ವನಿಪ್ರತಿಯನ್ನು) ಬಳಸಲು ಅನುಮತಿ ಪಡೆದವರು. ಸರೌಂಡ್ ಮಿಕ್ಸ್ ಎಂಬುದು ಅದೇ ಹಾಡುಗಳದ್ದಾದರೂ ಬೇರೆಯದೇ ಮಾಸ್ಟರ್. ಅದಕ್ಕೆ ಪ್ರತ್ಯೇಕವಾಗಿ ಕೇಳಬೇಕು, ಪ್ರತ್ಯೇಕವಾಗಿ ಹಣ ಕೊಡಬೇಕು, ಎಷ್ಟೋ ಸಲ ಕಲಾವಿದರ ಒಪ್ಪಿಗೆಯನ್ನೂ ಪಡೆಯಬೇಕು. ಪಿಂಕ್ ಫ್ಲಾಯ್ಡ್ ತಂಡದ ‘ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಮ್ಮನ್ನೇ ನೋಡಿ. ಅದರ ಧ್ವನಿ ತಂತ್ರಜ್ಞ ಅಲನ್ ಪಾರ್ಸನ್ಸ್ 1973ರಲ್ಲೇ ನಾಲ್ಕು ಚಾನೆಲ್ಲಿನ ಮಿಕ್ಸ್ ಮಾಡಿದ್ದರು. 2003ರ ಎಸ್‌ಎಸಿಡಿಗೆ ಅದನ್ನು ಬಿಟ್ಟು, ಜೇಮ್ಸ್ ಗತ್ರಿ ಹೊಸದಾಗಿ ಮಾಡಿದ 5.1 ಮಿಕ್ಸ್ ಬಳಸಿದರು. ಪಾರ್ಸನ್ಸ್ ಅವರ ಮಿಕ್ಸ್ ಅಧಿಕೃತವಾಗಿ ಮತ್ತೆ ಕೈಗೆ ಸಿಗಲು 2011ರಲ್ಲಿ ಹಲವು ಡಿಸ್ಕುಗಳ ದೊಡ್ಡ ಪೆಟ್ಟಿಗೆ ಬರುವವರೆಗೆ ಕಾಯಬೇಕಾಯಿತು. ಮಿಕ್ಸ್ ಇದೆ ಎಂಬುದೂ ಅದನ್ನು ಮುದ್ರಿಸುವ ಹಕ್ಕಿದೆ ಎಂಬುದೂ ಬೇರೆ ಬೇರೆ.

ಇನ್ನೊಂದು ಮಾತು. ಇಂಥ ಮರುಮುದ್ರಣಗಳು ಮಾರಾಟವಾಗುವುದೇ ಮೂಲ ಅನಲಾಗ್ ಟೇಪಿನಿಂದ ಮಾಡಿದ್ದು ಎಂಬ ಹೆಗ್ಗಳಿಕೆಯ ಮೇಲೆ. 2000ದ ನಂತರದ ಸರೌಂಡ್ ಮಿಕ್ಸ್‌ಗಳಲ್ಲಿ ಬಹಳಷ್ಟು ಡಿಜಿಟಲ್ ಕಡತಗಳಾಗಿಯೇ ಇವೆ. ಅವನ್ನು ಪಕ್ಕದಲ್ಲಿಟ್ಟರೆ ಆ ಹೆಗ್ಗಳಿಕೆ ಮಂಕಾಗುತ್ತದೆಂಬ ಅಳುಕು ಪ್ರಕಾಶಕರಿಗೆ ಇರುತ್ತದೆಂದು ನನ್ನ ಅನಿಸಿಕೆ.

ಎರಡೇ ಸಾಕು:

ತಮ್ಮ ಬೇಸರ ಅರ್ಥವಾಗುತ್ತದೆ, ಆದರೂ ಭಿನ್ನಾಭಿಪ್ರಾಯವನ್ನು ಹೇಳಲೇಬೇಕು. ಕಲಾವಿದರು ಆ ದಿನ ಸ್ಟುಡಿಯೊದಲ್ಲಿ ಕುಳಿತು ‘ಇದೇ ಸರಿ’ ಎಂದು ಒಪ್ಪಿದ್ದು ಸ್ಟೀರಿಯೊ ಮಿಕ್ಸನ್ನು. ಇಪ್ಪತ್ತು ವರ್ಷಗಳ ನಂತರ ಗಿಟಾರನ್ನು ಬೆನ್ನ ಹಿಂದೆ ತಂದಿಡುವುದು ನನಗೆ ಆ ಕೃತಿಯ ಬೇರೊಂದು ವ್ಯಾಖ್ಯಾನವಾಗಿಯೇ ಕೇಳಿಸುತ್ತದೆ. ಒಂದೇ ಕೆಲಸವನ್ನು ಶ್ರದ್ಧೆಯಿಂದ ಮಾಡುವ ಸಂಸ್ಥೆ ಸ್ಟೀರಿಯೊಗೆ ಸೀಮಿತವಾದರೆ ತಪ್ಪೇನು?

ನಾಲ್ಕುಮೂಲೆ:

‘ಎರಡೇ ಸಾಕು’ ಅವರೇ, ಸ್ಟೀರಿಯೊ ಬೇಡವೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಒಂದೇ ಪದರದಲ್ಲಿ ಎರಡಕ್ಕೂ ಬೇರೆ ಬೇರೆ ಅಂಕಣಗಳಿವೆ. ಬೇಕಾದವರು ಬೇಕಾದ್ದನ್ನು ಕೇಳಬಹುದು. ಟೇಪುಸುರುಳಿಯವರು ಹೇಳಿದ ಅನಲಾಗ್ ಮೂಲದ ಮಾತಿಗೆ ಬಂದರೆ, ‘ಬ್ರದರ್ಸ್ ಇನ್ ಆರ್ಮ್ಸ್’ ಧ್ವನಿಮುದ್ರಣವಾದದ್ದೇ ಸೋನಿಯ 24 ಟ್ರ್ಯಾಕುಗಳ ಡಿಜಿಟಲ್ ಯಂತ್ರದಲ್ಲಿ. ಇನ್ನು ‘ಡಾರ್ಕ್ ಸೈಡ್’ ಆಲ್ಬಮ್ಮಿನ ‘ಟೈಮ್’ ಹಾಡಿನ ಆರಂಭದ ಗಡಿಯಾರಗಳನ್ನು ಪಾರ್ಸನ್ಸ್ ಹಳೆಯ ವಸ್ತುಗಳ ಅಂಗಡಿಯೊಂದರಲ್ಲಿ ಒಂದೊಂದಾಗಿ ಮುದ್ರಿಸಿಕೊಂಡದ್ದು ನಾಲ್ಕು ಚಾನೆಲ್ಲಿನ ಪ್ರಯೋಗಕ್ಕಾಗಿ. ಅಂದರೆ ಸ್ಟೀರಿಯೊದಲ್ಲಿ ನಾವೆಲ್ಲ ಮೆಚ್ಚಿದ ಆ ಸದ್ದು ಹುಟ್ಟಿದ್ದೇ ಸರೌಂಡ್ ಆಲೋಚನೆಯಿಂದ. ನಾಲ್ಕು ಮೂಲೆಗಳಿಂದ ಆ ಗಂಟೆಗಳು ಒಮ್ಮೆಲೇ ಹೊಡೆದುಕೊಂಡಾಗ ನನ್ನ ತಾಯಿ ಅಡುಗೆಮನೆಯಿಂದ ಓಡಿಬಂದಿದ್ದರು.

ಜಯನಗರದವರೇ, ಮನಸ್ಸಿದ್ದರೆ ಮಾರ್ಗವಿದೆ ಎಂಬುದಕ್ಕೆ ಉದಾಹರಣೆಗಳಿವೆ. ಪಿಂಕ್ ಫ್ಲಾಯ್ಡ್ ತಂಡದ್ದೇ ಆದ ‘ವಿಶ್ ಯು ವರ್ ಹಿಯರ್’ ಆಲ್ಬಮ್ಮಿನ 2011ರ ಎಸ್‌ಎಸಿಡಿಯನ್ನು ಅಮೆರಿಕದ ಅನಲಾಗ್ ಪ್ರೊಡಕ್ಷನ್ಸ್ 5.1 ಸಮೇತವೇ ಹೊರತಂದಿತು. ಆಡಿಯೊಫೈಲ್ ಸಂಸ್ಥೆಗಳಿಗೆ ಇದು ಆಗದ ಕೆಲಸವೇನಲ್ಲ. ಇಂಗ್ಲೆಂಡಿನ ಡಟನ್ ವೊಕೇಲಿಯನ್, 1970ರ ದಶಕದ ಕ್ವಾಡ್ (ನಾಲ್ಕು ಚಾನೆಲ್ಲಿನ) ಮಿಕ್ಸ್‌ಗಳನ್ನು ಸ್ಟೀರಿಯೊ ಜೊತೆಗೇ ಸೇರಿಸಿ ಎಸ್‌ಎಸಿಡಿಗಳನ್ನು ತಂದಿದೆ. ರೈನೊ ಸಂಸ್ಥೆ 2016ರಲ್ಲಿ ಶಿಕಾಗೊ ತಂಡದ ಒಂಬತ್ತು ಆಲ್ಬಂಗಳ ಕ್ವಾಡ್ ಮಿಕ್ಸ್‌ಗಳನ್ನು ಬ್ಲೂ-ರೇಯಲ್ಲಿ ಕೊಟ್ಟಿತು, 2023ರಿಂದ ಬೇರೆ ತಂಡಗಳದ್ದನ್ನೂ ಕೊಡುತ್ತಿದೆ. ‘ಸ್ಟ್ರೀಮಿಂಗ್‌ನಲ್ಲಿ ಅಟ್ಮಾಸ್ ಎಂಬ ಸರೌಂಡ್ ರೂಪ ಸಿಗುತ್ತದಲ್ಲ’ ಎಂದು ಯಾರಾದರೂ ಸಮಾಧಾನ ಹೇಳಿದರೆ ಒಪ್ಪಬೇಡಿ: ಅಲ್ಲಿ ಬರುವುದು ಸೆಕೆಂಡಿಗೆ 768 ಕಿಲೋಬಿಟ್ಟಿಗೆ ಹಿಂಡಿದ ರೂಪ, ಬ್ಲೂ-ರೇಯಲ್ಲಿರುವುದು ನಷ್ಟವಿಲ್ಲದ ಟ್ರೂಎಚ್‌ಡಿ.

ನನ್ನ ಸಲಹೆ ಇಷ್ಟೇ. ಮರುಮುದ್ರಣದ ಸುದ್ದಿ ಹೊರಬಿದ್ದ ದಿನವೇ ಪ್ರಕಾಶಕರಿಗೆ ಪತ್ರ ಬರೆದು, ಸರೌಂಡ್ ಮಿಕ್ಸಿಗೆ ಅನುಮತಿ ಕೇಳಿದ್ದೀರಾ ಎಂದು ನೇರವಾಗಿ ವಿಚಾರಿಸಿ. ಡಿಸ್ಕ್ ಅಚ್ಚಾದ ಮೇಲೆ ಬರೆದು ಪ್ರಯೋಜನವಿಲ್ಲ.

ಜಯನಗರದ ಕೇಳುಗ:

ತಮಗೆಲ್ಲ ಕೃತಜ್ಞತೆಗಳು. ಒಪ್ಪಂದದ ವಿಷಯ ಈಗ ಸ್ಪಷ್ಟವಾಯಿತು. ಆದರೂ ‘ಸ್ಟೀರಿಯೊ ಮಾತ್ರ’ ಎಂಬುದನ್ನು ಮಾರಾಟದ ಪುಟದ ಮೊದಲ ಸಾಲಿನಲ್ಲೇ ಹಾಕಲು ಯಾವ ಒಪ್ಪಂದವೂ ಅಡ್ಡಬರುವುದಿಲ್ಲ ಎಂಬ ನನ್ನ ಆಕ್ಷೇಪ ಹಾಗೆಯೇ ಉಳಿದಿದೆ. ಪತ್ರದಲ್ಲಿ ಅದನ್ನೂ ಬರೆಯುತ್ತೇನೆ. ಶಿಕಾಗೊ ಪೆಟ್ಟಿಗೆಯನ್ನು ತರಿಸುವ ಮನಸ್ಸಾಗಿದೆ. ನಾಲ್ಕುಮೂಲೆಯವರೇ, ಕ್ವಾಡ್ ಡಿಸ್ಕ್ ನನ್ನ 5.1 ವ್ಯವಸ್ಥೆಯಲ್ಲಿ ಸರಿಯಾಗಿ ನುಡಿಯುತ್ತದೆಯೇ?

ನಾಲ್ಕುಮೂಲೆ:

ಖಂಡಿತ ನುಡಿಯುತ್ತದೆ. ಮಧ್ಯದ ಸ್ಪೀಕರಿನಲ್ಲಿ ಮಾತ್ರ ಏನೂ ಬರುವುದಿಲ್ಲ, ಅದನ್ನು ದೋಷವೆಂದು ತಿಳಿಯಬೇಡಿ. ಕ್ವಾಡ್‌ನಲ್ಲಿ ಹಿಂದಿನ ಎರಡಕ್ಕೂ ಮುಂದಿನವುಗಳಷ್ಟೇ ಕೆಲಸವಿರುತ್ತದೆ, ಆದ್ದರಿಂದ ನಾಲ್ಕರ ಮಟ್ಟವನ್ನೂ ಒಂದೇ ಸಮಕ್ಕೆ ಹೊಂದಿಸಿಕೊಂಡು ಕೇಳಿ.