ಅತ್ತೆಯ ಕಣ್ಣಿನ ಇಂಜೆಕ್ಷನ್: ಮನೆಯ ಗುಂಪಿನಲ್ಲಿ ವಾದ

ಶಂಕರಪುರ ಮಾವ: (ಹಲವು ಬಾರಿ ಫಾರ್ವರ್ಡ್ ಆದದ್ದು) ರಕ್ತನಾಳ ಬೆಳೆಸುವ ಪ್ರೋಟೀನ್ ಪತ್ತೆ! ಪುನರ್ಪುಳಿ ಕಷಾಯ ಕುಡಿದರೆ ಅದು ಅಡಗಿ ಕ್ಯಾನ್ಸರ್ ಒಣಗುತ್ತದೆ. ಎಲ್ಲರಿಗೂ ಕಳುಹಿಸಿ.

ಅತ್ತೆ: ಡಾಕ್ಟರು ನನ್ನ ಕಣ್ಣಿಗೆ ಹೇಳಿದ್ದೂ ಇದೇ ಪ್ರೋಟೀನ್ ಅಲ್ಲವೇ? ಹಾಗಾದರೆ ಗುರುವಾರದ ಇಂಜೆಕ್ಷನ್ ಬೇಡವೇ?

ಮಾವ: ಬೇಡ. ಅದು ಕ್ಯಾನ್ಸರ್ ಔಷಧ. ಶುಗರ್ ಇದ್ದವಳ ಕಣ್ಣಿಗೆ ಅದನ್ನು ಯಾಕೆ ಚುಚ್ಚಬೇಕು?

ನಾನು: ಮಾವ, ದಯವಿಟ್ಟು ಅತ್ತೆಯನ್ನು ತಡೆಯಬೇಡಿ. ಈ ಪ್ರೋಟೀನ್ ಹೊಸತಲ್ಲ. ರಕ್ತನಾಳವನ್ನು ಸೋರಿಸುವ ಅಂಶ ಎಂದು 1983ರಲ್ಲೇ ಅಮೆರಿಕದ ವಿಜ್ಞಾನಿಗಳಾದ ಸೆಂಗರ್ ಮತ್ತು ಡ್ವೊರಾಕ್ ಗುರುತಿಸಿದ್ದರು. 1989ರಲ್ಲಿ ಫೆರಾರಾ ಅವರ ತಂಡ ಅದನ್ನು ಬೇರ್ಪಡಿಸಿ ವಿಇಜಿಎಫ್ ಎಂದು ಹೆಸರಿಟ್ಟಿತು. ಅದನ್ನು ಕಟ್ಟಿಹಾಕುವ ಔಷಧವಾದ ಬೆವಾಸಿಜುಮಾಬ್‌ಗೆ 2004ರಲ್ಲಿ ಅಮೆರಿಕದಲ್ಲಿ ಕರುಳಿನ ಕ್ಯಾನ್ಸರಿಗೆ ಅನುಮತಿ ಸಿಕ್ಕಿತು. ಗಡ್ಡೆ ಬೆಳೆಯಲು ಅದಕ್ಕೆ ಹೊಸ ರಕ್ತನಾಳ ಬೇಕು, ಅದಕ್ಕೇ ಆ ಔಷಧ. ಹಾಗೆಂದು ಕ್ಯಾನ್ಸರ್ ಮುಗಿದುಹೋಗಲಿಲ್ಲ.

ಅತ್ತೆಯ ಕಣ್ಣಿನಲ್ಲೂ ಇದೇ ವಿಇಜಿಎಫ್ ಹೆಚ್ಚಾಗಿದೆ. ಶುಗರಿನಿಂದ ಸಣ್ಣ ನಾಳಗಳು ಕೆಟ್ಟು ಅಕ್ಷಿಪಟಕ್ಕೆ ಆಮ್ಲಜನಕ ಸಾಲದಾದಾಗ ಅದು ಉಕ್ಕುತ್ತದೆ, ನಾಳ ಸೋರುತ್ತದೆ, ನಡುಭಾಗ ಊದಿಕೊಳ್ಳುತ್ತದೆ. ಮಲ್ಲಿಗೆ ಕಟ್ಟುವಾಗ ಅತ್ತೆಗೆ ಮೊಗ್ಗಿನ ತೊಟ್ಟು ಎರಡಾಗಿ ಕಾಣುವುದು, ಬಾಳೆನಾರು ಬೆರಳಿನಿಂದ ಜಾರುವುದು ನೀವೇ ನೋಡಿದ್ದೀರಿ.

ಮಂಗಳೂರು ಅಣ್ಣ: ಮಾವನ ಭಯ ಪೂರ್ತಿ ಸುಳ್ಳಲ್ಲ. ಗಾಯ ಮಾಯಲು ಆ ಪ್ರೋಟೀನ್ ಬೇಕು. ಅದನ್ನು ತಡೆದರೆ ರಕ್ತದೊತ್ತಡ ಏರಬಹುದು, ಕರುಳಿಗೆ ತೂತು ಬೀಳಬಹುದು.

ನಾನು: ಕ್ಯಾನ್ಸರಿನ ಪ್ರಮಾಣದಲ್ಲಿ ರಕ್ತಕ್ಕೆ ಕೊಟ್ಟಾಗ ನಿಜ. ಅಲ್ಲಿ 60 ಕಿಲೋ ತೂಕದವರಿಗೆ ಒಂದು ಸಲಕ್ಕೆ 300 ಮಿಲಿಗ್ರಾಂ ಹೋಗುತ್ತದೆ. ಕಣ್ಣಿಗೆ 1.25 ಮಿಲಿಗ್ರಾಂ, ಒಂದು ಹನಿಯಷ್ಟು. ಅತ್ತೆಗೆ ಬಿಪಿ ಇರುವುದನ್ನು ಡಾಕ್ಟರಿಗೆ ಖಂಡಿತ ಹೇಳೋಣ. ಆದರೆ ಕಷಾಯ ಕುಡಿಯುತ್ತಾ ತಿಂಗಳು ಕಳೆದರೆ ಹೋದ ದೃಷ್ಟಿಯನ್ನು ಯಾರು ತಂದುಕೊಡುತ್ತಾರೆ?

ಮಾವ: ಒಂದೇ ಇಂಜೆಕ್ಷನ್ ಸಾಕೇ?

ನಾನು: ಸಾಲದು. ಮೊದಲಿಗೆ ತಿಂಗಳಿಗೊಂದು, ಆಮೇಲೆ ಸ್ಕ್ಯಾನ್ ನೋಡಿ ಹೇಳುತ್ತಾರೆ. ಶುಗರ್ ಹತೋಟಿಯಲ್ಲಿ ಇರಲೇಬೇಕು. ಇಂಜೆಕ್ಷನ್ ಆದ ಮೇಲೆ ನೋವು ಹೆಚ್ಚಿದರೆ, ಕಣ್ಣು ಕೆಂಪಾಗಿ ಮಸುಕಾದರೆ ಸೋಂಕು ಇರಬಹುದು. ಅಪರೂಪವಾದರೂ ಅದೇ ದಿನ ಓಡಬೇಕು.

ಅತ್ತೆ: ನಾನು ಹೋಗುತ್ತೇನೆ. ಬುಧವಾರ ರಾತ್ರಿಯೇ ಬಂದು ಉಳಿದುಕೋ ಮಗಳೇ.

ಮಾವ: ಬಿಪಿ ಚೀಟಿ ನಾನು ತೆಗೆದಿಡುತ್ತೇನೆ. ಮೇಲಿನ ಸಂದೇಶ ಅಳಿಸಿದ್ದೇನೆ.